ಮಾಮನ ಗ್ಯಾರೇಜಿಗೆ ಎರಡನೇ ಸೂರು

ಬೇಸಿಗೆಯ ನಡುಮಧ್ಯಾಹ್ನ ತಗಡಿನ ಸೂರಿನ ಕೆಳಗೆ ನೀವು ಎಂದಾದರೂ ಕುಳಿತಿದ್ದೀರಾ? ಕುಳಿತಿದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಗೋಡೆ ಅಷ್ಟೇನೂ ಬಿಸಿ ಇರುವುದಿಲ್ಲ. ನೆಲವಂತೂ ತಣ್ಣಗೇ ಇರುತ್ತದೆ. ಆದರೂ ನೆತ್ತಿಯ ಮೇಲೆ ಯಾರೋ ಕೆಂಡದ ಬುಟ್ಟಿ ಹಿಡಿದು ನಿಂತ ಹಾಗೆ ಅನಿಸುತ್ತದೆ. ತಲೆಯ ಮೇಲೆ ಒಂದು ನೋಟ್‌ಬುಕ್ ಅಡ್ಡ ಹಿಡಿದರೆ ಆ ಕ್ಷಣವೇ ಹಾಯೆನಿಸುತ್ತದೆ. ತೆಗೆದರೆ ಮತ್ತೆ ಅದೇ ಕಾವು. ತಗಡು ನಿಮ್ಮನ್ನು ಮುಟ್ಟಿಲ್ಲ, ನಾಲ್ಕೈದು ಅಡಿ ಮೇಲೆ ಇದೆ. ಹಾಗಾದರೆ ಬಿಸಿ ನಿಮ್ಮ ತನಕ ಬಂದದ್ದು ಹೇಗೆ?

ಈ ಪ್ರಶ್ನೆಗೆ ನಾನು ಉತ್ತರ ಹುಡುಕಿದ್ದು ಯಾವ ಪರೀಕ್ಷೆಗಾಗಿಯೂ ಅಲ್ಲ, ನನ್ನ ಸೋದರಮಾವನ ಗ್ಯಾರೇಜಿಗಾಗಿ. ಗ್ಯಾರೇಜು ಎಂದರೆ ಕಾರು ನಿಲ್ಲಿಸುವ ಕೋಣೆ ಎಂದು ಕೆಲವು ಪುಸ್ತಕಗಳಲ್ಲಿ ಓದಿರಬಹುದು. ನಮ್ಮೂರುಗಳಲ್ಲಿ ಗ್ಯಾರೇಜು ಎಂದರೆ ಗಾಡಿ ರಿಪೇರಿ ಮಾಡುವ ಜಾಗ ತಾನೆ? ಮಾಮನದೂ ಅದೇ. ರಾಯಚೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿಯ ಪುಟ್ಟ ಅಂಗಡಿ. 12 ಅಡಿ ಅಗಲ, 20 ಅಡಿ ಉದ್ದ. ಮೂರು ಕಡೆ ಇಟ್ಟಿಗೆ ಗೋಡೆ, ಮುಂದೆ ಷಟರ್ ಬಾಗಿಲು, ಮೇಲೆ ತುಕ್ಕು ಹಿಡಿದ ಹಳೆಯ ಜಿಂಕ್ ತಗಡು. ನಮ್ಮ ಕಡೆ ಅದನ್ನು ಪತ್ರಾಸು ಎನ್ನುತ್ತೇವೆ.

ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸುದ್ದಿಯೇನಲ್ಲ. 2024ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಾಮ ಕೆಲಸ ಮಾಡುತ್ತಿದ್ದವರು ಬವಳಿ ಬಂದು ಕುಳಿತಲ್ಲಿಯೇ ವಾಲಿದರು. ಪಕ್ಕದ ಅಂಗಡಿಯವರು ನೆರಳಿಗೆ ಎತ್ತಿ ತಂದು, ಮೈಮೇಲೆ ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆಗೆ ಚೇತರಿಸಿಕೊಂಡರು. ಆದರೆ ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು: ಬಿಸಿಲು ಇಳಿಯುವ ತನಕ ಆ ತಗಡಿನ ಕೆಳಗೆ ಕೂರಬೇಡಿ.

ಹನ್ನೆರಡರಿಂದ ನಾಲ್ಕರವರೆಗೆ ಬಾಗಿಲು ಮುಚ್ಚಿದರೆ ಗಾಡಿ ರಿಪೇರಿಯವನ ಗತಿ ಏನು? ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಬೇಕು ಎನ್ನುವವರು ಬೇರೆ ಕಡೆ ಹೋಗುತ್ತಾರೆ. ಒಂದು ತಿಂಗಳಲ್ಲಿ ಮಾಮನ ದುಡಿಮೆ ಅರ್ಧಕ್ಕೆ ಇಳಿಯಿತು. ಗ್ಯಾರೇಜು ಬಿಟ್ಟು ಬೇರೆ ಕೆಲಸ ಹುಡುಕುವ ಮಾತು ಮನೆಯಲ್ಲಿ ಬಂತು. ಅತ್ತೆ ಮಾತ್ರ ನನ್ನನ್ನು ಕರೆದು, “ನೀ ಸಾಲಿ ಕಲಿತಾವ ಅದೀದಿ, ಆ ಪತ್ರಾಸಿಗೆ ಏನರ ಮಾಡು” ಎಂದರು. ಕೈಯಲ್ಲಿ ಇದ್ದದ್ದು ಮೂರು ಸಾವಿರ ರೂಪಾಯಿ.

ಬವಳಿ ಏಕೆ ಬಂತು ಎಂಬುದನ್ನು ಮೊದಲು ನೋಡೋಣ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಚರ್ಮದ್ದು ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ. ಉಷ್ಣವು ಹೆಚ್ಚು ಬಿಸಿಯ ಕಡೆಯಿಂದ ಕಡಿಮೆ ಬಿಸಿಯ ಕಡೆಗೆ ಹರಿಯುತ್ತದೆ ಎಂದು ನೀವು ಓದಿದ್ದೀರಿ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ ದೇಹದ ಹೆಚ್ಚುವರಿ ಉಷ್ಣ ತಾನಾಗಿ ಗಾಳಿಗೆ ಹೋಗುತ್ತದೆ. ಗಾಳಿ 42 ಡಿಗ್ರಿ ಆದಾಗ? ಹರಿವು ತಿರುವುಮುರುವಾಗುತ್ತದೆ, ಗಾಳಿಯೇ ನಮ್ಮನ್ನು ಕಾಯಿಸುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು. ಬೆವರು ಆವಿಯಾಗುವಾಗ ದೇಹದಿಂದ ಉಷ್ಣವನ್ನು ಕಿತ್ತುಕೊಂಡು ಹೋಗುತ್ತದೆ. ಮೈಯಲ್ಲಿ ನೀರು ಕಡಿಮೆಯಾಯಿತೋ, ಆ ದಾರಿಯೂ ಮುಚ್ಚಿತು. ದೇಹದ ಉಷ್ಣತೆ 40 ಡಿಗ್ರಿ ದಾಟಿತೆಂದರೆ ಪ್ರಾಣಕ್ಕೇ ಅಪಾಯ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬೀಸಿದ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಮೇಲೆ 2013ರಲ್ಲಿ ಆ ನಗರ ಬಿಸಿಗಾಳಿಯನ್ನು ಎದುರಿಸುವ ಯೋಜನೆಯೊಂದನ್ನು ಮಾಡಿಕೊಂಡಿತು. ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವ ಕೆಲಸವನ್ನೂ ಅಲ್ಲಿ ಮುಂದೆ ಕೈಗೊಂಡರು. ರಾಯಚೂರಿನ ಪಕ್ಕದ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಸೂರುಗಳಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ಸೂರಿನ ವಿಚಾರ ಸಣ್ಣದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಈಗ ಗ್ಯಾರೇಜಿಗೆ ಬರೋಣ. ಒಂದು ಲೆಕ್ಕ ಮಾಡಿ. ಮೋಡವಿಲ್ಲದ ನಡುಹಗಲು ಸೂರ್ಯನಿಂದ ನೆಲದ ಒಂದು ಚದರ ಮೀಟರಿಗೆ ಬೀಳುವ ಶಕ್ತಿ ಸುಮಾರು 1000 ವಾಟ್. ಒಂದು ಇಸ್ತ್ರಿ ಪೆಟ್ಟಿಗೆಯೂ ಹೆಚ್ಚು ಕಡಿಮೆ ಅಷ್ಟೇ ವಾಟಿನದು. 12 ಅಡಿ, 20 ಅಡಿಯ ಸೂರು ಎಂದರೆ 240 ಚದರ ಅಡಿ, ಅಂದರೆ ಸುಮಾರು 22 ಚದರ ಮೀಟರ್. ಮಾಮನ ತಲೆಯ ಮೇಲೆ 22 ಇಸ್ತ್ರಿ ಪೆಟ್ಟಿಗೆಗಳನ್ನು ಹಚ್ಚಿ ಇಟ್ಟ ಹಾಗಾಯಿತು! ಅದಷ್ಟೂ ಒಳಗೆ ಬರುವುದಿಲ್ಲ, ಒಂದು ಪಾಲು ಪ್ರತಿಫಲಿಸುತ್ತದೆ, ಒಂದು ಪಾಲನ್ನು ಗಾಳಿ ಒಯ್ಯುತ್ತದೆ. ಆದರೂ ಉಳಿದದ್ದು ಕಡಿಮೆಯಲ್ಲ. ತುಕ್ಕು ಹಿಡಿದು ಕಂದಾದ ತಗಡು ಹೊಳೆಯುವ ಹೊಸ ತಗಡಿಗಿಂತ ಹೆಚ್ಚು ಬಿಸಿಲನ್ನು ಹೀರುತ್ತದೆ.

ಪ್ರಯೋಗಾಲಯದ ಉಷ್ಣತಾಮಾಪಕವೊಂದನ್ನು ಎರವಲು ತಂದೆ, ಒಳಗೆ ಕೆಂಪು ಬಣ್ಣದ ಆಲ್ಕೊಹಾಲ್ ಇರುವಂಥದ್ದು. ಮಧ್ಯಾಹ್ನ ಎರಡು ಗಂಟೆಗೆ ಬೇವಿನ ಮರದ ನೆರಳಿನಲ್ಲಿ 41 ಡಿಗ್ರಿ. ಗ್ಯಾರೇಜಿನೊಳಗೆ ಮಾಮ ಕೂರುವ ಜಾಗದಲ್ಲಿ 43. ಅದರ ಬುರುಡೆಯನ್ನು ತಗಡಿನ ಒಳಮೈಗೆ ಒತ್ತಿ ಮೆತ್ತೆ ಹಚ್ಚಿದಾಗ 61. ಇಲ್ಲಿ ಸ್ವಲ್ಪ ನಿಲ್ಲಿ. ಹೊರಗೆ 41, ಒಳಗೆ 43, ವ್ಯತ್ಯಾಸ ಎರಡೇ ಡಿಗ್ರಿ. ಆದರೆ ಬೇವಿನ ಕೆಳಗೆ ಹಾಯಾಗಿರುತ್ತದೆ, ಗ್ಯಾರೇಜಿನಲ್ಲಿ ಜೀವ ಹೋಗುತ್ತದೆ. ಎರಡು ಡಿಗ್ರಿಗೆ ಇಷ್ಟು ಅಂತರವೇ?

ಉಷ್ಣ ಮೂರು ದಾರಿಯಲ್ಲಿ ಸಾಗುತ್ತದೆ. ಮುಟ್ಟಿದ್ದರಿಂದ ಮುಟ್ಟಿದ್ದಕ್ಕೆ ಹೋಗುವುದು ವಹನ. ಬಿಸಿ ಪಾತ್ರೆಯಲ್ಲಿಟ್ಟ ಸೌಟಿನ ಹಿಡಿ ಸುಡುವ ಹಾಗೆ. ಗಾಳಿ ಅಥವಾ ನೀರು ತಾನೇ ಹರಿದು ಹೊತ್ತೊಯ್ಯುವುದು ಸಂವಹನ. ನಡುವೆ ಏನೂ ಇಲ್ಲದಿದ್ದರೂ ಕಿರಣಗಳಾಗಿ ಬರುವುದು ವಿಕಿರಣ. ಸೂರ್ಯನ ಬಿಸಿ ನಮಗೆ ಬರುವುದು ಹೀಗೆ. ಬಿಸಿಯಾದ ತಗಡು ನಮ್ಮನ್ನು ಮುಟ್ಟಿಲ್ಲ, ಆದ್ದರಿಂದ ವಹನವಲ್ಲ. ಬಿಸಿ ಗಾಳಿ ಹಗುರ, ಅದು ಸೂರಿಗೇ ಅಂಟಿಕೊಂಡು ಮೇಲೆ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ಆದ್ದರಿಂದ ಸಂವಹನದ ಪಾಲೂ ಕಡಿಮೆ. ಉಳಿದದ್ದು ವಿಕಿರಣ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ತಗಡು ಕೆಳಗೆ ಸುರಿಸುತ್ತಿದೆ. ನೆತ್ತಿಯ ಮೇಲಿನ ಕೆಂಡದ ಬುಟ್ಟಿ ಇದೇ! ನೋಟ್‌ಬುಕ್ ಅಡ್ಡ ಹಿಡಿದ ತಕ್ಷಣ ಹಾಯೆನಿಸಿದ್ದೂ ಇದಕ್ಕೇ. ಬೇವಿನ ಎಲೆಗಳು ಮಾತ್ರ ನೀರನ್ನು ಆವಿಯಾಗಿಸಿ ತಣ್ಣಗಿರುತ್ತವೆ, ಸುಡುವ ಕಿರಣ ಬಿಡುವುದಿಲ್ಲ. ಗಾಳಿಯಲ್ಲಿ ನೇತುಹಾಕಿದ ಉಷ್ಣತಾಮಾಪಕ ಮುಖ್ಯವಾಗಿ ಗಾಳಿಯ ಸುದ್ದಿ ಹೇಳುತ್ತದೆ. ಸೂರಿನ ಸುದ್ದಿಯನ್ನು ನೆತ್ತಿಯೇ ಹೇಳಬೇಕು.

ಇದು ತಿಳಿದ ಮೇಲೆ ಅರ್ಧ ಕೆಲಸ ಆದಂತೆ. ಮಾಡಬೇಕಾದ್ದು ಎರಡು. ತಗಡು ಅಷ್ಟು ಬಿಸಿಯಾಗದಂತೆ ನೋಡಿಕೊಳ್ಳುವುದು, ಬಿಸಿಯಾದಷ್ಟು ಕಿರಣಗಳು ಕೆಳಗೆ ಬರದಂತೆ ತಡೆಯುವುದು.

ಸಲಹೆ ಕೊಡುವವರಿಗೇನು ಬರವಿರಲಿಲ್ಲ. ದಿನಕ್ಕೆ ನಾಲ್ಕು ಸಲ ತಗಡಿನ ಮೇಲೆ ನೀರು ಹೊಡೆಯಿರಿ ಎಂದರು ಒಬ್ಬರು. ಕೆಲಸವೇನೋ ಆಗುತ್ತದೆ, ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಓಣಿಯಲ್ಲಿ ಅದು ಆಗುವ ಮಾತಲ್ಲ. ಜೋಳದ ಕಣಿಕೆ ಹೊದಿಸಿರಿ ಎಂದರು ಇನ್ನೊಬ್ಬರು. ಕಣಿಕೆಯ ನಡುವೆ ಸಿಕ್ಕಿಕೊಂಡ ಗಾಳಿ ಒಳ್ಳೆಯ ಅವಾಹಕ. ಹೊಲದ ಗುಡಿಸಲು ತಂಪಾಗಿರುವುದು ಹಾಗೆಯೇ. ಆದರೆ ಗ್ಯಾರೇಜಿನಲ್ಲಿ ಪೆಟ್ರೋಲು ಇರುತ್ತದೆ, ವೆಲ್ಡಿಂಗ್ ಕಿಡಿ ಹಾರುತ್ತದೆ.

ಹೆಚ್ಚು ಜನ ಹೇಳಿದ್ದು ಥರ್ಮೊಕೋಲ್. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಥರ್ಮೊಕೋಲಿನಲ್ಲಿ ನೂರಕ್ಕೆ 98 ಪಾಲು ಗಾಳಿಯೇ. ಉಳಿದ ಎರಡು ಪಾಲು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು. ಆ ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸೆರೆಯಾಗಿರುವುದರಿಂದ ಅಲ್ಲಾಡುವುದಿಲ್ಲ. ಅಲ್ಲಾಡದ ಗಾಳಿಯಲ್ಲಿ ಉಷ್ಣ ಎಷ್ಟು ನಿಧಾನ ಸಾಗುತ್ತದೆಂದರೆ, ಉಕ್ಕಿಗೆ ಹೋಲಿಸಿದರೆ ಸಾವಿರಾರು ಪಾಲು ಕಡಿಮೆ. ಅವಾಹಕವಾಗಿ ಥರ್ಮೊಕೋಲಿಗೆ ಹೆಸರಿಡುವಂತಿಲ್ಲ. ಆದರೆ ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಉರಿಯುತ್ತ ಕರಗಿ ತೊಟ್ಟಿಕ್ಕುತ್ತದೆ, ವಿಷದ ಕಪ್ಪು ಹೊಗೆ ಬಿಡುತ್ತದೆ. ಪೆಟ್ರೋಲು ತಗುಲಿದರೆ ಸಕ್ಕರೆ ನೀರಿನಲ್ಲಿ ಕರಗಿದಂತೆ ಕುಸಿದುಹೋಗುತ್ತದೆ. (ಇದನ್ನು ನೀವು ಮಾಡಿ ನೋಡಬೇಡಿ, ಪೆಟ್ರೋಲು ಆಟದ ವಸ್ತುವಲ್ಲ.) ಅಗ್ಗವೆಂದು ಗ್ಯಾರೇಜಿನ ನೆತ್ತಿಗೆ ಥರ್ಮೊಕೋಲ್ ಹೊಡೆಯುವುದು ನನ್ನ ಮಟ್ಟಿಗೆ ಬಿಸಿಲಿಗೆ ಹೆದರಿ ಬೆಂಕಿಯ ಕೆಳಗೆ ಕೂತಂತೆ.

ಮೊದಲು ಸುಣ್ಣ. ಬಿಳಿಯ ಬಣ್ಣ ಬಿಸಿಲಿನ ಬಹುಪಾಲನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. “ಅಲ್ಲೋ ಅಳಿಯಾ, ಸುಣ್ಣಕ್ಕ ಬಿಸಲು ಅಂಜತದೇನು?” ಎಂದು ಮಾಮ ನಕ್ಕರು. ಅಂಜುವುದಿಲ್ಲ, ಆದರೆ ವಾಪಸು ಹೋಗುತ್ತದೆ. ನಯವಾದ ತಗಡಿಗೆ ಬರೀ ಸುಣ್ಣ ಹಿಡಿಯುವುದಿಲ್ಲ, ಒಣಗಿ ಉದುರುತ್ತದೆ. ಹೀಗಾಗಿ ಅರಳಿಸಿ ಸೋಸಿದ ಸುಣ್ಣಕ್ಕೆ ಬಡಗಿಗಳು ಬಳಸುವ ಬಿಳಿ ಅಂಟನ್ನು ಬೆರೆಸಿದೆವು. ತಗಡನ್ನು ಪೊರಕೆಯಿಂದ ಉಜ್ಜಿ, ಧೂಳು ಮತ್ತು ಸಡಿಲ ತುಕ್ಕು ತೆಗೆದು, ಬೆಳಗಿನ ಆರು ಗಂಟೆಗೆ ಒಂದು ಸಲ, ಮರುದಿನ ಅದೇ ಹೊತ್ತಿಗೆ ಇನ್ನೊಂದು ಸಲ ಬಳಿದದ್ದಾಯಿತು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಸುಣ್ಣದ ಕಲ್ಲಾಗುತ್ತದೆ. ಅದಕ್ಕೇ ದಿನ ಕಳೆದಂತೆ ಗಟ್ಟಿಯಾಗುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಬಳಿದವನು ಕನ್ನಡಕ ಹಾಕಿಕೊಂಡಿದ್ದ. ಕಾಲಿಟ್ಟರೆ ತಗಡು ಮುರಿಯಬಾರದೆಂದು ಹಲಗೆ ಹಾಕಿ ಅದರ ಮೇಲೆ ಕುಳಿತು ಬಳಿದ. ನೀವು ಯಾರೂ ಸೂರು ಹತ್ತಬಾರದು, ಇದು ದೊಡ್ಡವರ ಕೆಲಸ. ಇನ್ನೊಂದು ಮಾತು: ನಿಮ್ಮ ಮನೆಯ ಸೂರು ಲೋಹದ ತಗಡಲ್ಲದೆ ಬೂದು ಬಣ್ಣದ ಆಸ್ಬೆಸ್ಟಾಸ್ ಸಿಮೆಂಟ್ ಶೀಟ್ ಆಗಿದ್ದರೆ ಅದನ್ನು ಉಜ್ಜುವುದು, ಕೊರೆಯುವುದು, ಒಡೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹಾನಿ.

ಸುಣ್ಣ ಒಣಗಿದ ಮೇಲೆ, ಹೊರಗೆ ಅಷ್ಟೇ ಬಿಸಿಲಿದ್ದ ಒಂದು ದಿನ ಎರಡು ಗಂಟೆಗೆ, ತಗಡಿನ ಒಳಮೈ 61ರ ಬದಲು 47 ತೋರಿಸಿತು. ಸುಣ್ಣ, ಅಂಟು, ಬ್ರಷ್ಷು ಎಲ್ಲ ಸೇರಿ ಆದ ಖರ್ಚು 900 ರೂಪಾಯಿ.

ಇನ್ನು ಎರಡನೆಯ ಕೆಲಸ. ಇದಕ್ಕೆ ದಾರಿ ತೋರಿಸಿದ್ದು ಚಹಾದ ಫ್ಲಾಸ್ಕು. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಅತಿ ತಣ್ಣನೆಯ ದ್ರವಗಳನ್ನು ಇಡಲು ಎರಡು ಗೋಡೆಗಳ ಗಾಜಿನ ಪಾತ್ರೆ ಮಾಡಿದರು. ಗೋಡೆಗಳ ನಡುವಿನ ಗಾಳಿ ತೆಗೆದರು. ವಹನ, ಸಂವಹನ ಎರಡೂ ನಿಂತವು. ಗಾಜಿಗೆ ಬೆಳ್ಳಿಯ ಹೊಳಪು ಕೊಟ್ಟರು; ವಿಕಿರಣವೂ ಕಡಿಮೆಯಾಯಿತು. ಹೊಳೆಯುವ ಲೋಹಕ್ಕೆ ಎರಡು ಗುಣಗಳಿವೆ. ತನ್ನ ಮೇಲೆ ಬಿದ್ದ ಉಷ್ಣಕಿರಣಗಳನ್ನು ಹಿಂದಿರುಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತಾನು ಬಿಸಿಯಾದರೂ ಕಿರಣಗಳನ್ನು ಹೊರಗೆ ಬಿಡಲು ಜಿಪುಣತನ ಮಾಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಷ್ಟೇ ಬಿಸಿಯಾದ ತುಕ್ಕಿನ ತಗಡು ಹತ್ತು ಪಾಲು ಬಿಟ್ಟರೆ ಅಲ್ಯೂಮಿನಿಯಂ ಹಾಳೆ ಒಂದು ಪಾಲು ಬಿಡುತ್ತದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ವಿಕ್ರಮ್ ನೌಕೆಯ ಚಿತ್ರ ನೋಡಿದ್ದೀರಲ್ಲ? ಮೈತುಂಬ ಬಂಗಾರದ ಕಾಗದ ಸುತ್ತಿದಂತೆ ಕಾಣುತ್ತಿತ್ತು. ಅದು ಬಂಗಾರವಲ್ಲ, ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಗಳ ಹೊದಿಕೆ. ಕೆಲಸ ಮಾತ್ರ ಇದೇ, ವಿಕಿರಣವನ್ನು ತಡೆಯುವುದು.

ಅಲ್ಯೂಮಿನಿಯಂ ಹಾಳೆ ಹೊಸದಾಗಿ ಕೊಳ್ಳಲು ಹೋದರೆ ನಮ್ಮ ದುಡ್ಡು ಸಾಲದು. ಹಾಗಾದರೆ ಅಗ್ಗಕ್ಕೆ ಎಲ್ಲಿ ಸಿಗುತ್ತದೆ? ಗುಜರಿ ಅಂಗಡಿಯಲ್ಲಿ! ಪತ್ರಿಕೆ, ಪುಸ್ತಕಗಳನ್ನು ಮುದ್ರಿಸುವ ಆಫ್‌ಸೆಟ್ ಯಂತ್ರಗಳಲ್ಲಿ ತೆಳುವಾದ ಅಲ್ಯೂಮಿನಿಯಂ ಫಲಕಗಳನ್ನು ಬಳಸುತ್ತಾರೆ. ಮುದ್ರಣ ಮುಗಿದ ಮೇಲೆ ಅವು ತೂಕಕ್ಕೆ ಮಾರಾಟವಾಗುತ್ತವೆ. ಒಂದು ಮುಖದ ಮೇಲೆ ಹಳೆಯ ಸುದ್ದಿ, ಇನ್ನೊಂದು ಮುಖ ಬರಿಯ ಹೊಳೆಯುವ ಲೋಹ. ದಪ್ಪ ಸುಮಾರು 0.3 ಮಿಲಿಮೀಟರ್. ಪೂರ್ತಿ ಸೂರಿಗೆ ಹಣ ಸಾಲದ್ದರಿಂದ ಮಾಮ ಕೆಲಸ ಮಾಡುವ ಅರ್ಧ ಭಾಗಕ್ಕಷ್ಟೇ ಎಂದು ತೀರ್ಮಾನಿಸಿದೆವು: 12 ಅಡಿ, 10 ಅಡಿ. ಹತ್ತು ಕಿಲೋ ಸಾಕಾಯಿತು. ಕಿಲೋಗೆ 160 ರೂಪಾಯಿಯಂತೆ 1600 ಆಯಿತು. ತಂತಿ, ಕೊಕ್ಕೆ, ಮೊಳೆಗಳಿಗೆ 350. ಒಟ್ಟು ಎಷ್ಟಾಯಿತು, ಕೂಡಿಸಿ ನೋಡಿ. ಅತ್ತೆಗೆ 150 ರೂಪಾಯಿ ಹಿಂದಿರುಗಿಸಿದೆವು.

ಗೋಡೆಯಿಂದ ಗೋಡೆಗೆ ತಂತಿಗಳನ್ನು ಬಿಗಿದು, ತಗಡಿನಿಂದ ಅರ್ಧ ಅಡಿ ಕೆಳಗೆ ಫಲಕಗಳನ್ನು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಬರುವ ಹಾಗೆ ಜೋಡಿಸಿದೆವು. ಈ ಅರ್ಧ ಅಡಿಯನ್ನು ಬಿಡದೆ ಫಲಕಗಳನ್ನು ತಗಡಿಗೇ ಅಂಟಿಸಿದ್ದರೆ ವಹನದಿಂದ ಅವೂ ತಗಡಿನಷ್ಟೇ ಬಿಸಿಯಾಗುತ್ತಿದ್ದವು. ನಡುವಿನ ಸಂದಿಯ ಎರಡೂ ತುದಿಗಳನ್ನು ತೆರೆದೇ ಬಿಟ್ಟೆವು, ಬಿಸಿ ಗಾಳಿ ಹೊರಗೆ ಹೋಗಲಿ ಎಂದು. ಹೊಳೆಯುವ ಮುಖ ಮೇಲಿರಬೇಕೋ ಕೆಳಗಿರಬೇಕೋ ಎಂಬ ಚರ್ಚೆಯೂ ನಡೆಯಿತು. ಮೇಲಿಟ್ಟರೆ ಒಂದೇ ತಿಂಗಳಲ್ಲಿ ಅದರ ಮೇಲೆ ಧೂಳು ಕೂತು ಹೊಳಪು ಹೋಗುತ್ತದೆ. ಧೂಳು ಕೂತ ಲೋಹ ಜಿಪುಣತನ ಬಿಡುತ್ತದೆ! ಆದ್ದರಿಂದ ಹೊಳಪು ಕೆಳಗೆ, ಸುದ್ದಿ ಮೇಲೆ. ಮಾಮನಿಗೆ ಇದರಿಂದ ಸ್ವಲ್ಪ ಬೇಸರವೇ ಆಯಿತು. ಆಫ್‌ಸೆಟ್ ಫಲಕದಲ್ಲಿ ಅಕ್ಷರಗಳು ತಿರುಗುಮುರುಗಾಗಿರದೆ ನೇರವಾಗಿಯೇ ಇರುತ್ತವೆ, ಮಲಗಿ ಓದಬಹುದಿತ್ತು ಎಂಬುದು ಅವರ ಕೊರಗು. ಫಲಕದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಅದಕ್ಕಾಗಿ ಎಲ್ಲ ಅಂಚುಗಳನ್ನೂ ಮಡಿಚಿದೆವು. ಅಲ್ಯೂಮಿನಿಯಂ ವಿದ್ಯುತ್ತಿಗೆ ಒಳ್ಳೆಯ ವಾಹಕ. ದೀಪ, ಫ್ಯಾನಿನ ವಯರುಗಳನ್ನು ಲೈನ್‌ಮನ್ ಒಬ್ಬರ ಕೈಯಲ್ಲಿ ಮೊದಲೇ ಗೋಡೆಗೆ ಬದಲಾಯಿಸಿಕೊಂಡೆವು.

ಮೇ ತಿಂಗಳ ಮೊದಲ ವಾರ, ಬೇವಿನ ನೆರಳಿನಲ್ಲಿ ಮತ್ತೆ 41 ಇದ್ದ ದಿನ ಅಳೆದೆ. ಮಾಮ ಕೂರುವ ಜಾಗದಲ್ಲಿ 40. “ಮೂರು ಸಾವಿರಕ್ಕ ಮೂರು ಡಿಗ್ರೀನಾ?” ಎಂದರು ಮಾಮ. ಹೌದು, ಗಾಳಿಯಲ್ಲಿ ಇಳಿದದ್ದು ಮೂರೇ ಡಿಗ್ರಿ. ನಾನು ಅವರನ್ನು ಫಲಕ ಇಲ್ಲದ ಅರ್ಧಕ್ಕೆ ಕರೆದುಕೊಂಡು ಹೋಗಿ ಎರಡು ನಿಮಿಷ ನಿಲ್ಲಿಸಿದೆ, ಆಮೇಲೆ ಫಲಕದ ಕೆಳಗೆ ನಿಲ್ಲಿಸಿದೆ. ಅವರು ತಲೆ ಮುಟ್ಟಿಕೊಂಡು ಏನೂ ಹೇಳದೆ ಹೋಗಿ ತಮ್ಮ ಸ್ಟೂಲು, ಪಾನಾಗಳ ಡಬ್ಬಿ, ಬಿಚ್ಚಿಟ್ಟಿದ್ದ ಎಂಜಿನ್ನು ಎಲ್ಲವನ್ನೂ ಮೂಲೆಯಿಂದ ಇತ್ತ ಎಳೆದುಕೊಂಡರು.

ಬಿಸಿಲೇನೂ ತಣ್ಣಗಾಗಲಿಲ್ಲ. 44 ದಾಟುವ ದಿನಗಳಲ್ಲಿ ಮಾಮ ಈಗಲೂ ಒಂದರಿಂದ ಮೂರೂವರೆಯ ತನಕ ಷಟರ್ ಎಳೆಯುತ್ತಾರೆ. ಫ್ಯಾನು, ಮಡಿಕೆಯ ನೀರು, ಮಜ್ಜಿಗೆ ಮೊದಲಿನಂತೆಯೇ ಬೇಕು. ಉಳಿದ ದಿನಗಳಲ್ಲಿ ಗಾಡಿಗಳು ಸಂಜೆಗೆ ತಯಾರಾಗುತ್ತವೆ. ಗ್ಯಾರೇಜು ಬಿಡುವ ಮಾತು ನಿಂತಿದೆ. ಸುಣ್ಣದ ಮೇಲೆ ಧೂಳು ಕೂತು, ಮಳೆಗೆ ಅಲ್ಲಲ್ಲಿ ತೊಳೆದುಹೋಗಿ ಅದು ಮಂಕಾಗುತ್ತದೆ. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಮತ್ತೊಮ್ಮೆ ಬಳಿಯಬೇಕು.

ಒಂದು ಸ್ವಾರಸ್ಯ ಹೇಳಲು ಮರೆಯಬಾರದು. ಬೇಸಿಗೆಯ ರಾತ್ರಿ ಹತ್ತು ಗಂಟೆಗೆ ಗ್ಯಾರೇಜಿಗೆ ಹೋದರೆ ಅದು ಮಾಮನ ಮನೆಗಿಂತ ತಂಪಾಗಿರುತ್ತದೆ. ಮನೆಯದು ಕಾಂಕ್ರೀಟಿನ ದಪ್ಪ ಸೂರು. ಅದು ಹಗಲಿಡೀ ಬಿಸಿಲನ್ನು ಉಂಡು ಅರಗಿಸಿಕೊಳ್ಳದೆ ರಾತ್ರಿಯಿಡೀ ಹೊರಗೆ ಬಿಡುತ್ತದೆ. ತಗಡು ತೆಳು, ಕೂಡಿಟ್ಟುಕೊಳ್ಳಲು ಅದಕ್ಕೆ ಜಾಗವಿಲ್ಲ. ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ. ಅದೇ ಕಾಂಕ್ರೀಟಿಗೂ ಸುಣ್ಣ ಬಳಿದರೆ ಉಣ್ಣುವ ಬಿಸಿಲೇ ಕಡಿಮೆಯಾಗುತ್ತದೆ. ಈ ವರ್ಷ ಉಳಿದ ಸುಣ್ಣ ಅಲ್ಲಿಗೆ ಹೋಗಲಿದೆ.

ಈಗ ನಿಮಗೆ ಎರಡು ಕೆಲಸ. ಮನೆಯಲ್ಲಿ ರೊಟ್ಟಿ ಮಾಡಿ ಒಲೆ ಆರಿಸಿದ ಮೇಲೆ, ದೊಡ್ಡವರನ್ನು ಜೊತೆಗಿಟ್ಟುಕೊಂಡು, ಬಿಸಿ ಹಂಚಿನ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ. ಮುಟ್ಟಬೇಡಿ. ಕಾವು ತಿಳಿಯಿತೆ? ಈಗ ನಡುವೆ ಹೊಳೆಯುವ ಸ್ಟೀಲ್ ತಟ್ಟೆಯೊಂದನ್ನು ಅಡ್ಡ ಹಿಡಿಸಿ. ಕಾವು ಎಲ್ಲಿ ಹೋಯಿತು? ಎರಡನೆಯದು, ಒಂದೇ ಅಳತೆಯ ಎರಡು ಡಬ್ಬಿ ಮುಚ್ಚಳಗಳನ್ನು ತೆಗೆದುಕೊಂಡು ಒಂದಕ್ಕೆ ಸುಣ್ಣ ಬಳಿಸಿ, ಇನ್ನೊಂದಕ್ಕೆ ಮಸಿ ಬಳಿಯಿರಿ. ಒಣಗಿದ ಮೇಲೆ ಇಟ್ಟಿಗೆ ಚೂರುಗಳ ಮೇಲಿಟ್ಟು ಅರ್ಧ ಗಂಟೆ ಬಿಸಿಲಿಗೆ ಬಿಡಿ. ಶಾಲೆಯಲ್ಲಿ ಉಷ್ಣತಾಮಾಪಕ ಇದ್ದರೆ ಶಿಕ್ಷಕರನ್ನು ಕೇಳಿ ಎರಡರ ಕೆಳಮೈಗೂ ತಾಗಿಸಿ ಅಳೆಯಿರಿ. ದಿನಾಂಕ, ಗಂಟೆ, ನೆರಳಿನ ಉಷ್ಣತೆ ಇವನ್ನೂ ಪಕ್ಕದಲ್ಲಿ ಬರೆದಿಡಿ. ಅದೇ ಪ್ರಯೋಗವನ್ನು ಮೋಡ ಕವಿದ ದಿನವೂ ಮಾಡಿ, ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿ.